ಕರೆಮ್ಮ ಹಲಗಿ ಹಿಡಿದಳು

ದೋರನಹಳ್ಳಿಯಾಚೆ, ಕಾಲುವೆ ದಂಡೆಯ ಆ ಊರಿನಲ್ಲಿ ಅಂದು ಗೌಡರ ಹಿರಿಯರು ತೀರಿಕೊಂಡಿದ್ದರು. ಓಣಿಯಲ್ಲಿ ಇನ್ನೂ ಹಲಗಿ ಬಿಡದಿದ್ದ ಅಮರಪ್ಪ ಆ ಚರ್ಮವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಗೌಡರ ಮನೆಯತ್ತಲೇ ಹೊರಟಿದ್ದ. ಶಾಲೆಯ ಬಾಗಿಲಲ್ಲಿ ನಿಂತಿದ್ದ ಕರೆಮ್ಮನ ಮೈ ಉರಿದುಹೋಯಿತು.

"ನಾಚಿಕಿ ಬರೂದಿಲ್ಲೇನ್ರಿ ನಿಮಗ? ನಮ್ಮಪ್ಪ ಇಂಥಾ ಹೆಣಗೋಳ ಮುಂದ ಬಡಿದು ಬಡಿದೇ ಸತ್ತಾನ. ನಮ್ಮ ಓಣಿ ಆಣಿ ಮಾಡಿ ಹಲಗಿ ಕೆಳಗಿಟ್ಟು ಆರು ವರ್ಷ ಆತು."

"ಬಡ್ಯಾಕಲ್ರಿ ಟೀಚರ್. ಬಡಿಯಾಂಗಿಲ್ಲ ಅಂತ ಹೇಳಾಕ ಹೊಂಟೀನಿ."

"ಹೇಳಾಕ ಹಲಗಿ ಯಾಕ ಬೇಕು?"

"ಮನ್ಯಾಗ ಬಿಟ್ರ ನಮ್ಮವ್ವ ಒಲಿಗೆ ಹಾಕ್ತಾಳ್ರಿ."

ನಗು ತಡೆಯಲಾರದೆ ಕರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಅದನ್ನು ನೋಡಿಯೂ ನೋಡದವನಂತೆ ನಡೆದ. ತಿರುವಿನಲ್ಲಿ ಮಾತ್ರ ಒಮ್ಮೆ ಹಿಂತಿರುಗಿ ನೋಡಿದ.

ಮದುವೆಗೊಂದು, ಕುಸ್ತಿಗೊಂದು, ರಾಶಿಗೊಂದು ಎಂದು ಹದಿನೆಂಟು ಥರದ ಬಡಿತ ಅವನ ಕೈಯಲ್ಲಿದ್ದವು. ಕಾಲುವೆ ನೀರು ಬಂದು ಎರಡು ಬೆಳೆ ಭತ್ತ ಕಂಡ ಮೇಲೆ ಜನ ಮದುವೆಗೆ ಟ್ರ್ಯಾಕ್ಟರಿನ ಮೇಲೆ ಡಿ.ಜೆ. ತರಿಸತೊಡಗಿದರು. ಹೆಣದ ಮುಂದೆ ಬಡಿಯಲು ಮಾತ್ರ ಅವನ ನೆನಪಾಗುತ್ತಿತ್ತು.

ಸಂಜೆಯೊಳಗೆ ಅವನು ಬಲಗೈಯನ್ನು ಎದೆಗೆ ಅವುಚಿಕೊಂಡು ಮರಳಿದ. ಗೌಡರ ಕಡೆಯವರು ಅವನ ಕೈಯನ್ನು ಕಲ್ಲಿನ ಮೇಲಿಟ್ಟು ತುಳಿದಿದ್ದರು. ಟಂಟಂ ಆಟೋದಲ್ಲಿ ಶಹಾಪುರದ ಆಸ್ಪತ್ರೆಗೆ ಕರೆದೊಯ್ದವಳು ಕರೆಮ್ಮ. ಕಂಪ್ಲೇಂಟ್ ಬರೆದವಳೂ ಅವಳೇ. ಸಾಕ್ಷಿ ಹೇಳಲು ಒಬ್ಬರೂ ಬರಲಿಲ್ಲ, ಕೇಸು ಬಿದ್ದುಹೋಯಿತು.

ಪಟ್ಟಿ ಬಿಚ್ಚಿದ ಮೇಲೂ ಬೆರಳು ಮಡಚಲಿಲ್ಲ. ಕಾಲುವೆಯ ದಂಡೆ ಮೇಲೆ ಕೂತು ಅಮರಪ್ಪ ಹೇಳಿದ: "ಮುಗೀತ್ರಿ. ಹೆಂಗೂ ಕೇಳೋರಿರಲಿಲ್ಲ. ಹಲಗಿ ಸಾಯ್ಲಿ ಬಿಡ್ರಿ. ನಿಮಗೂ ಅದ ಬೇಕಾಗಿತ್ತಲ್ಲ?"

ಕರೆಮ್ಮ ಅವನ ಪಕ್ಕದಲ್ಲಿದ್ದ ಹಲಗಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನಾವಾಗಿ ಬಿಟ್ರ ಅದು ನಮ್ಮ ಮಾತು. ಅವರು ಕೈ ಮುರಿದು ಬಿಡಿಸಿದ್ರ ಬಿಡಾಂಗಿಲ್ಲ. ನನಗ ಕಲಿಸ್ರಿ."

"ಹೆಣ್ಮಗಳು ಹಲಗಿ..."

"ನಿಮ್ಮ ಬಾಯಿಗೇನಾಗೇದ? ಬಾಯಿಲೇ ಹೇಳ್ರಿ."

ದಿನಾ ಶಾಲೆ ಬಿಟ್ಟ ಮೇಲೆ ಹಿತ್ತಲಲ್ಲಿ ಅವನು ಬಾಯಿಂದ ಬಡಿತ ಹೇಳುವನು, ಅವಳು ಬಡಿಯುವಳು. ಮೊಣಕೈ ಜಾರಿದರೆ ಎಡಗೈಯಿಂದ ಎತ್ತಿ ಸರಿಪಡಿಸುವನು. ಆ ಕೈ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಅಲ್ಲೇ ಉಳಿಯುತ್ತಿತ್ತು. "ಮೊಣಕೈ ಸರಿ ಐತ್ರಿ ಈಗ," ಎನ್ನುವಳು ಕರೆಮ್ಮ, ತಲೆ ಎತ್ತದೆ. ಅವನು ಕಿವಿಯವರೆಗೆ ಕೆಂಪಾಗುವನು.

ಹತ್ತು ತಿಂಗಳಲ್ಲಿ ಹನ್ನೊಂದು ಬಡಿತ ಬಂದವು. ಉಳಿದ ಏಳು ಅವನ ಬಾಯಿಗೆ ಸಿಗಲಿಲ್ಲ. ಅವು ಬೆರಳಲ್ಲಿದ್ದವು. ಸೆಟೆದ ಬೆರಳನ್ನು ಗಾಳಿಯಲ್ಲಿ ಆಡಿಸಿ ನೋಡಿ ನೋಡಿ, ಒಂದು ದಿನ ಮುಖ ಆಚೆ ತಿರುಗಿಸಿ ಅತ್ತುಬಿಟ್ಟ.

ತಾಯಿ ತಿಮ್ಮವ್ವ ಮಗಳೊಡನೆ ಮಾತು ಬಿಟ್ಟಳು. "ನಿಮ್ಮಪ್ಪನ ಹೆಸರಿಲೆ ಮಾಡಿದ ಆಣಿ ಮುರದಿ," ಎಂಬುದೇ ಅವಳ ಕೊನೆಯ ಮಾತು. ಓಣಿಯ ಹಿರಿಯ ಖಂಡಪ್ಪನೂ ಒಪ್ಪಲಿಲ್ಲ. "ಜಯಂತಿಗೆ ಡಿ.ಜೆ. ಹೇಳೀವಿ ಕರೆಮ್ಮ. ಹಲಗಿ ತಂದ್ರ ನಮ್ಮ ಮಾನ ಹೋಗ್ತದ."

"ಮುಂದ ಬರಾಂಗಿಲ್ಲ ಕಾಕಾ. ಹಿಂದ ಬರ್ತೀನಿ."

ಏಪ್ರಿಲ್ ಬಿಸಿಲಿನ ಮೆರವಣಿಗೆಯಲ್ಲಿ ನೀಲಿ ಬಾವುಟಗಳೆಲ್ಲ ಮುಂದೆ ಹೋದವು. ಹಿಂದೆ, ಧೂಳಿನಲ್ಲಿ, ಹಲಗಿ ಹಿಡಿದ ಕರೆಮ್ಮ, ಜೊತೆಗೆ ಅಮರಪ್ಪ, ಇಬ್ಬರೇ. ಡಿ.ಜೆ.ಯ ಅಬ್ಬರಕ್ಕೆ ಕರೆಮ್ಮನಿಗೆ ತನ್ನ ಹಲಗಿ ತನಗೇ ಕೇಳಲಿಲ್ಲ. ಹುಡುಗರು ಮೊಬೈಲ್ ಹಿಡಿದು ನಕ್ಕರು. ಅವಳ ಕಣ್ಣು ತುಂಬಿದವು, ಕೈ ನಿಲ್ಲಲಿಲ್ಲ.

ಅಮರಪ್ಪ ಕಿವಿಗೆ ಬಾಯಿ ತಂದು ಕೂಗಿದ: "ಒಂದು ಪೆಟ್ಟು ತಪ್ಪಿದ್ರಿ!"

"ನಿಮಗ ಕೇಳಸ್ತದೇನು?"

"ಇಲ್ರಿ. ನಿಮ್ಮ ಕೈ ನೋಡಾಕತ್ತೀನಿ."

"ಎಷ್ಟು ದಿನ ನೋಡ್ತೀರಿ ಹಿಂಗ?"

"ನೀವು ಹೂಂ ಅಂದ್ರ, ಜೀವ ಇರೋಮಟ!"

ಅವಳು ಹೂಂ ಅಂದಳು. ಆ ಗದ್ದಲದಲ್ಲಿ ಅದೂ ಕೇಳಲಿಲ್ಲ. ಅವಳ ತುಟಿ ಅಲುಗಿದ್ದನ್ನು ಅವನು ಕಂಡ. ಮುಂದಿನ ತಿರುವಿನವರೆಗೆ ಕರೆಮ್ಮ ಅವನತ್ತ ನೋಡಲಿಲ್ಲ. ನೋಡಿದ್ದರೆ ಕೈ ತಪ್ಪುತ್ತಿತ್ತು.