ಹೊನ್ನವ್ವೆಯೂ ಕಲ್ಲಾದ ಬೆಳ್ಳಿಗೊಳವೂ

ಬಹಳ ಹಿಂದೆ, ಮೋಡಗಳು ಮನೆಯಂಗಳಕ್ಕೆ ಇಳಿದು ಬರುತ್ತಿದ್ದ ಕಾಲದಲ್ಲಿ, ಇಂದ್ರಕೂಟವೆಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಮಡಿಲಲ್ಲಿ ಬೆಳ್ಳಿಗೊಳವೆಂಬ ಸರೋವರ. ಅದರ ದಡದಲ್ಲಿ ರಾಜ ಹೇಮಾಂಗದನ ಬೇಸಿಗೆಯ ಬಿಡಾರ. ರಾಜ ದೊಡ್ಡ ಮನಸ್ಸಿನವನು. ಬಿಸಿಲು ಏರಿತೆಂದರೆ ಬಿಡಾರದ ಬಾಗಿಲು ಪ್ರಜೆಗಳಿಗೆಲ್ಲ ತೆರೆಯುತ್ತಿತ್ತು. ಈಜುವವರು ಈಜಬಹುದು, ಬೆಟ್ಟ ಹತ್ತುವವರು ಹತ್ತಬಹುದು, ಹರಿಗೋಲು ಬೇಕೆಂದವರಿಗೆ ಹರಿಗೋಲು.

ಒಂದು ಬೇಸಿಗೆಯಲ್ಲಿ ಬುಟ್ಟಿ ಹೆಣೆಯುವ ಬಾಚಣ್ಣ ತಂಗಿ ಹೊನ್ನವ್ವೆಯನ್ನು ಕರೆದುಕೊಂಡು ಅಲ್ಲಿಗೆ ಬಂದ. ಅಪ್ಪ ಅಮ್ಮ ಇಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ. ಬೆಳಿಗ್ಗೆಯಿಡೀ ಇಬ್ಬರೂ ಈಜಿದರು. ಮಧ್ಯಾಹ್ನ ಹೊನ್ನವ್ವೆ ದಡದ ಬಂಡೆಯ ಮೇಲೆ ಕೂದಲು ಒಣಗಿಸುತ್ತ ಕೂತಳು. ಬಾಚಣ್ಣ ನಡುನೀರಿಗೆ ಹೋಗಿ, "ತಂಗೀ, ನೋಡಿಲ್ಲಿ!" ಎಂದು ಹರಿಗೋಲನ್ನು ಗರಗರ ತಿರುಗಿಸಿದ. ಕೊಳದ ತುಂಬ ನಗು ಎದ್ದಿತು.

ಆ ನಗು ಶಿಖರದ ಗುಹೆಯಲ್ಲಿದ್ದ ಮಾಂತ್ರಿಕ ಕರಾಳಜಟಿಯ ಕಿವಿಗೆ ಬಿತ್ತು. ಬೇರೆಯವರ ಸಂತೋಷ ಅವನಿಗೆ ಆಗದು. ಮಂತ್ರದಂಡ ಬೀಸಿದ. ಕೊಳ ಕಲ್ಲಾಯಿತು. ನೀರಿನಲ್ಲಿದ್ದವರೆಲ್ಲ ಕಲ್ಲಾದರು. ಬಾಚಣ್ಣನ ನಗು ತುಟಿಯ ಮೇಲೆ ಹಾಗೇ ನಿಂತುಬಿಟ್ಟಿತು.

"ಹೊತ್ತು ಮುಳುಗಿದರೆ ಇವರು ಎಂದೆಂದಿಗೂ ಹೀಗೇ!" ಎಂದು ಬೆಟ್ಟದಿಂದ ದನಿ ಗುಡುಗಿತು.

ಹೊನ್ನವ್ವೆ ಸೆರಗು ಸೊಂಟಕ್ಕೆ ಬಿಗಿದು ಬೆಟ್ಟ ಹತ್ತತೊಡಗಿದಳು.

ಮೊದಲು ಗೋಡೆಯಂಥ ಬಂಡೆ ಎದುರಾಯಿತು. ಅಲ್ಲಿ ಆನೆಗಾತ್ರದ ಉಡ ಕಾವಲಿತ್ತು. ಅದರ ಕೊರಳಲ್ಲಿ ಕಬ್ಬಿಣದ ಬಳೆ.

"ನನ್ನ ಬಾಲ ಹಿಡಿದವರನ್ನು ಹತ್ತಿಸಬೇಕು, ಕೈಬಿಟ್ಟವರನ್ನು ನುಂಗಬೇಕು. ಜಟಿಯ ಅಪ್ಪಣೆ" ಎಂದಿತು.

ಮುಳ್ಳುಮುಳ್ಳು ಬಾಲ ಅಂಗೈ ಸೀಳಿದರೂ ಹೊನ್ನವ್ವೆ ಬಿಡಲಿಲ್ಲ. ಮೇಲೆ ಮುಟ್ಟಿದ ಮೇಲೆ ಉಡದ ತಲೆ ಸವರಿ, "ನೀನಿಲ್ಲದಿದ್ದರೆ ಹತ್ತುತ್ತಿರಲಿಲ್ಲಪ್ಪಾ. ನಿನ್ನ ಉಪಕಾರ ದೊಡ್ಡದು" ಎಂದಳು.

ಠಣ್ಣನೆ ಬಳೆ ಒಡೆಯಿತು. "ಇಷ್ಟು ಕಾಲದಲ್ಲಿ ಯಾರೂ ನನಗೊಂದು ಒಳ್ಳೆಯ ಮಾತಾಡಿರಲಿಲ್ಲ" ಎಂದು ಉಡ ಕಣ್ಣೀರಿಟ್ಟಿತು.

ಮುಂದೆ ಭೋರ್ಗರೆಯುವ ಜಲಪಾತ. ಬಳೆ ತೊಟ್ಟ ನೀರುನಾಯಿಯೊಂದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಸುಳಿಗೆ ಧುಮುಕಿತು. ಉಸಿರು ಕಟ್ಟಿ ಎದೆ ಬಿರಿಯುವಂತಾದರೂ ಹೊನ್ನವ್ವೆ ಬಾಯಿ ತೆರೆಯಲಿಲ್ಲ. ಆಚೆ ದಡದಲ್ಲಿ ಕೆಮ್ಮುತ್ತಲೇ, "ಪುಣ್ಯಾತ್ಮ, ದಾಟಿಸಿದೆಯಲ್ಲ!" ಎಂದಳು. ಆ ಬಳೆಯೂ ಒಡೆಯಿತು.

ಗುಹೆಯ ಬಾಗಿಲಲ್ಲಿ ಕೊರಳಿಗೆ ಅಂಥದೇ ಬಳೆ ತೊಟ್ಟ ಹದ್ದು ಕೂತಿತ್ತು. ಅದರ ರೆಕ್ಕೆಯ ನೆರಳಿನಲ್ಲಿ ಒಂದು ಊರೇ ನಿಲ್ಲಬಹುದಿತ್ತು.

"ತಾಯೀ, ಬಂದವರನ್ನು ಮುಗಿಲಿಗೆ ಒಯ್ದು ಕೆಳಕ್ಕೆ ಬಿಡಬೇಕೆಂದು ನನಗೆ ಅಪ್ಪಣೆ. ಮೀರಲಾರೆ" ಎಂದು ಅವಳನ್ನು ಎತ್ತಿಕೊಂಡು ಹಾರಿತು.

ಹೊನ್ನವ್ವೆ ಕೆಳಗೆ ನೋಡಿದಳು. ಹೊಲ, ಹೊಳೆ, ದಾರಿ, ದೂರದಲ್ಲಿ ಅಣ್ಣ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದ ಊರು. ಭಯದಲ್ಲೂ ಅವಳ ಕಣ್ಣು ತುಂಬಿತು. "ಇಷ್ಟು ಚೆಂದದ ಸೀಮೆಯಲ್ಲಿ, ಅಂಥ ಅಣ್ಣನ ಕೈಯಲ್ಲಿ ಬೆಳೆದೆನಲ್ಲ! ಹದ್ದೇ, ತೋರಿಸಿದೆಯಲ್ಲ, ನಿನಗೆ ಒಳ್ಳೆಯದಾಗಲಿ."

ಉಗುರು ಸಡಿಲಾಯಿತು. ಹೊನ್ನವ್ವೆ ಬಿದ್ದಳು. ಗಾಳಿಯಲ್ಲಿ ಠಣ್ಣೆಂಬ ಸದ್ದು ಕೇಳಿತು. ಮರುಗಳಿಗೆಯಲ್ಲಿ ಹದ್ದು ಬಾಣದಂತೆ ಇಳಿದು ಅವಳನ್ನು ರೆಕ್ಕೆಯ ಮೇಲೆ ಹಿಡಿಯಿತು.

ಕರಾಳಜಟಿಯ ಬಲವೆಲ್ಲ ಆ ಮೂರು ಬಳೆಗಳಲ್ಲೇ ಇತ್ತು. ಅವನು ದಂಡ ಎತ್ತಿದರೆ ಅದು ಬೂದಿಯಾಗಿ ಉದುರಿತು. ಅವನೂ ಕುಗ್ಗಿ ಕುಗ್ಗಿ ಒಂದು ಜೀರುಂಡೆಯಾಗಿ ಬಿರುಕಿನೊಳಗೆ ಸೇರಿಕೊಂಡ.

ಹದ್ದು ಹೊನ್ನವ್ವೆಯನ್ನು ದಡಕ್ಕೆ ಇಳಿಸಿತು. ಹೊತ್ತು ಮುಳುಗುವ ಮೊದಲೇ ಕೊಳ ಕರಗಿ ಅಲೆಯೆದ್ದಿತು, ಕಲ್ಲಾದವರಿಗೆಲ್ಲ ಜೀವ ಬಂತು. ಬಾಚಣ್ಣ ಹರಿಗೋಲನ್ನು ದಡಕ್ಕೆ ತಂದು ಓಡೋಡಿ ಬಂದ. ತಂಗಿಯ ಅಂಗೈ ಕಂಡು, "ಏನು ಮಾಡಿಕೊಂಡೆಯೇ?" ಎಂದು ತನ್ನ ರುಮಾಲು ಹರಿದು ಕಟ್ಟತೊಡಗಿದ.

"ಏನಿಲ್ಲಣ್ಣ, ಬೆಟ್ಟ ಹತ್ತಿದ್ದೆ" ಎಂದು ಅವಳು ಅವನ ತೋಳಿಗೆ ಒರಗಿದಳು.

ನಡೆದದ್ದನ್ನು ಹದ್ದು ಎಲ್ಲರಿಗೂ ಹೇಳಿತು. ಏನು ಬೇಕಾದರೂ ಕೇಳೆಂದ ರಾಜನಿಗೆ ಹೊನ್ನವ್ವೆ, ಹದ್ದನ್ನೂ ಬೆಟ್ಟ ಇಳಿದು ಬಂದ ಉಡ, ನೀರುನಾಯಿಗಳನ್ನೂ ತೋರಿಸಿ, "ಈ ಮೂವರಿಗೂ ಕೊಳದ ದಡ ಮನೆಯಾಗಲಿ" ಎಂದಳು. ಅಂದು ಮೂವರಿಗೂ ಮೊದಲ ತುತ್ತು ಬಡಿಸಿಯೇ ಉಳಿದವರು ಉಂಡರು. ಉಡ, ನೀರುನಾಯಿ, ಹದ್ದು, ಅಣ್ಣ ತಂಗಿ, ರಾಜ ಪ್ರಜೆ ಎಲ್ಲರೂ ನೂರು ಬೇಸಿಗೆ ತಂಪಾಗಿ, ಸುಖವಾಗಿ ಬಾಳಿದರು.