ಗಡಿ ಗೋಣಿಮರದ ಬೋಕಿಚೂರು

ಸಂಕ್ರಾಂತಿ ಕಳೆದು ಎಂಟನೆಯ ದಿನ. ಹೊತ್ತು ಇನ್ನೇನು ನೆತ್ತಿಗೆ ಬರಬೇಕು. ಮಾಗಿಯ ಚಳಿ ಬೆಳಗಿನಲ್ಲೇ ಎದ್ದುಹೋಗಿ, ಕೆಂಪು ನೆಲ ಅಂಗಾಲಿಗೆ ಬಿಸಿ ತಾಗಿಸುತ್ತಿತ್ತು. ಹೊಸಹಳ್ಳಿ ದಾಟಿ ಒಳಕ್ಕೆ ಹೋದರೆ ಸಿಗುವ ಬೋರನಹಟ್ಟಿಯ ಸೀಮೆಗಡಿಯಲ್ಲಿ ಒಂದು ಮುದಿ ಗೋಣಿಮರ. ಅದರ ಬುಡದಲ್ಲಿ ಶಿವಶಂಕರ ಸಲಿಕೆ ಊರಿ ನಿಂತಿದ್ದ. ಮಗ್ಗುಲಲ್ಲಿ ಮೂರು ಖಾಲಿ ಗೊಬ್ಬರದ ಚೀಲ. ಕಾಲ ಕೆಳಗಿನ ಕುಣಿಯಲ್ಲಿ ರಾಶಿ ರಾಶಿ ಹಳೆಯ ಗಡಿಗೆಯ ಬೋಕಿಚೂರು. ನಡುನಡುವೆ ಇನ್ನೂ ಒಡೆಯದ ಗಡಿಗೆಗಳು, ಎಲ್ಲವೂ ಬೋರಲು.

ಹತ್ತು ಮಾರು ಆಚೆ ಪಕ್ಕೀರಮ್ಮ ನಿಂತಿದ್ದಳು. ಎಂಬತ್ತರ ಮುದುಕಿ. ಅದಕ್ಕಿಂತ ಒಂದು ಹೆಜ್ಜೆ ಹತ್ತಿರ ಬರಲೊಲ್ಲಳು.

“ಯಪ್ಪಾ, ಅದರಾಗ ಕೈ ಹಾಕಬ್ಯಾಡ. ಅವು ಬರೇ ಬೋಕಿ ಅಲ್ಲ.”

“ಮತ್ತೇನಜ್ಜಿ, ಬಂಗಾರವಾ?”

“ಊರಿನ ಜಡ್ಡು. ಔಷಧಕ್ಕ ಬಗ್ಗದ ಜಡ್ಡನ್ನ ನಿವಾಳಿಸಿ, ಗಡಿಗ್ಯಾಗ ತುಂಬಿ, ಇಲ್ಲಿ ತಂದು ಬೋರಲು ಹಾಕೀವಿ. ಐವತ್ತು ವರ್ಷ ನಾನೇ ಹೊತ್ತು ತಂದೀನಿ. ಒಂದೊಂದೂ ಯಾರದು ಅಂತ ನನಗ ಗೊತ್ತೈತಿ.”

ಶಿವಶಂಕರ ನಕ್ಕುಬಿಟ್ಟ. “ಮೂವತ್ತೆರಡು ವರ್ಷ ಲಾರಿ ಓಡಿಸಿದೀನಿ. ಒಂದು ದಿನವೂ ಗಾಡಿಗೆ ನಿಂಬೆಹಣ್ಣು ಕಟ್ಟಿದವನಲ್ಲ. ಬ್ರೇಕು ಹಿಡಿದರೆ ನಿಲ್ತದೆ, ಹಿಡೀದಿದ್ರೆ ಇಲ್ಲ. ಅಷ್ಟೇ ಕಣಜ್ಜಿ.”

“ಅದು ಗಾಡಿ, ತಮ್ಮಾ. ಇದು ಊರು.”

ಅಷ್ಟು ಹೇಳಿ ಮುದುಕಿ ಹಿಂದೆ ತಿರುಗಿದಳು. ಅವನು ಸಲಿಕೆಯ ಬೆನ್ನಿನಿಂದ ಮೊದಲ ಗಡಿಗೆಗೆ ಬಡಿದ.

ಅವನಿಗೆ ಬೋಕಿ ಯಾಕೆ ಬೇಕಾಗಿತ್ತು ಅಂದರೆ, ಅವನ ಅಂಗಳದಲ್ಲಿ ನೂರಾ ಎಂಬತ್ತು ಅಂಜೂರದ ಗಿಡ ಕುಂಡಗಳಲ್ಲಿದ್ದವು. ಪುಣೆ ಕಡೆ ಸರಕು ಇಳಿಸಿದಾಗ ಒಂದು ಕಡ್ಡಿ, ದೌಲತಾಬಾದಿನ ಕೋಟೆ ಕೆಳಗೆ ಚಹಾ ಕುಡಿದಾಗ ಒಂದು ಕಡ್ಡಿ, ಅನಂತಪುರದ ಗುಡ್ಡದ ಬದಿಯಲ್ಲಿ ಟೈರು ಬಿಚ್ಚಿದಾಗ ಒಂದು. ಒದ್ದೆ ಗೋಣಿಯಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟುಕೊಂಡು ತಂದು, ಬೇರು ಬಿಡಿಸಿ, ಬೆಳೆಸಿದವು. “ಊರೂರು ಸುತ್ತಿದ ಗಂಡ ಹೆಂಡ್ತಿಗೆ ಸೀರೆ ತರ್ತಾನೆ. ನನ್ನ ಗಂಡ ಒಣಕಡ್ಡಿ ತಂದ,” ಅಂತ ಗೀತಮ್ಮ ಬಂದವರೆದುರು ಆಡಿಕೊಳ್ಳುತ್ತಿದ್ದಳು. ಆದರೆ ಅವನು ದೂರ ಹೋದಾಗ ನೀರು ಹಾಕಿ ಕಾಪಾಡಿದವಳೂ ಅವಳೇ. ಮೊದಲಿದ್ದ ತುಮಕೂರಿನಲ್ಲಿ ಹಣ್ಣು ಮಳೆಗೆ ಬಿರಿದು ಹುಳಿಯುತ್ತಿದ್ದವು. ಅಂಜೂರಕ್ಕೆ ಒಣಗಾಳಿ ಬೇಕು. ಅದಕ್ಕೇ ಹೋದ ವರ್ಷ ಇಲ್ಲಿ ಜಾಗ ಕೊಂಡು, ಹಸಿರು ನೆರಳುಪರದೆ ಕಟ್ಟಿ, ಇಬ್ಬರೂ ಬಂದು ನೆಲೆಸಿದರು.

ಕುಂಡದ ಅಂಜೂರಕ್ಕೆ ನೀರು ನಿಂತರೆ ಸಾವು. ಕಳೆದ ಮಳೆಗಾಲ ಕುಂಡದ ತೂತು ಮಣ್ಣು ಕಟ್ಟಿ ಹನ್ನೊಂದು ಗಿಡ ಬೇರು ಕೊಳೆತು ಹೋಗಿದ್ದವು. ತೂತಿನ ಮೇಲೆ ಬೋಕಿ ಬೋರಲು ಮುಚ್ಚಿದರೆ ನೀರು ಇಳಿಯುತ್ತದೆ, ಮಣ್ಣು ಉಳಿಯುತ್ತದೆ. ಅದರಲ್ಲೂ ಕೈಯಲ್ಲಿ ತಟ್ಟಿ ಮಾಡಿದ ದಪ್ಪ ಗಡಿಗೆಯ ಬೋಕಿ ಸಿಕ್ಕರೆ ಕೇಳಬೇಕೆ?

ಗಡಿಗೆ ಒಡೆದಂತೆಲ್ಲ ಒಂದೊಂದು ವಾಸನೆ ಏಳುತ್ತಿತ್ತು. ಸುಟ್ಟ ಮೆಣಸಿನಕಾಯಿ. ಹಳೆಯ ಕರ್ಪೂರ. ಬಹಳ ದಿನ ಮಲಗಿದವರ ಕಂಬಳಿಯ ಬೆವರು. ಒಂದು ಗಡಿಗೆಯ ಬಾಯಿಗೆ ಮಾತ್ರ ಬಟ್ಟೆ ಕಟ್ಟಿ, ಮೇಲೆ ಸುಣ್ಣ ಮೆತ್ತಿದ್ದರು. ಕೆಂಪು ಬಟ್ಟೆ, ಹಳತಾಗಿ ಕಪ್ಪಾಗಿತ್ತು. ಅದು ಒಡೆದಾಗ ಠಣ್ ಅನ್ನಲಿಲ್ಲ. ಯಾರೋ ಉಸಿರು ಒಳಗೆಳೆದುಕೊಂಡ ಹಾಗೆ ಸದ್ದಾಯಿತು. ಶಿವಶಂಕರ ಒಂದು ಗಳಿಗೆ ನಿಂತ. ಮರದ ಮೇಲೆ ಒಂದು ಕಾಗೆಯೂ ಇರಲಿಲ್ಲ. ಚೀಲದ ಬಾಯಿ ಕಟ್ಟಿ ಹೊರಟ.

ನಾಲ್ಕು ದಿನದ ಕೆಲಸ. ಗಿಡ ಕಿತ್ತು, ಸುತ್ತಿಕೊಂಡ ಬೇರನ್ನು ಗರಗಸದಿಂದ ಸವರಿ, ತೂತಿನ ಮೇಲೆ ಬೋಕಿ ಇಟ್ಟು, ಕೆಮ್ಮಣ್ಣು, ಕುರಿಗೊಬ್ಬರ, ಬೇವಿನಹಿಂಡಿ ಕಲಸಿ ತುಂಬಿದ. ಹಾಕಿದ ನೀರು ಸರಸರ ಇಳಿದುಹೋಯಿತು. ಮೀಸೆಯಲ್ಲೇ ನಕ್ಕ.

ಶಿವರಾತ್ರಿಯ ಎರಡು ದಿನ ಮುಂಚೆ ದೌಲತಾಬಾದಿನ ಗಿಡ ಕಾಯಿ ಬಿಟ್ಟಿತು. ಎಲೆ ಇನ್ನೂ ಒಡೆದಿಲ್ಲ. ಬೋಳುಕೊಂಬೆಗೆ ಒಂದೇ ಕಾಯಿ, ಮುಷ್ಟಿ ಗಾತ್ರ. “ಗೀತಾ, ಬಾರೇ ಇಲ್ಲಿ!” ಎಂದು ಕೂಗಿದ. ಗೀತಮ್ಮ ಬಂದು ಕಾಯಿ ಮುಟ್ಟಿ ನೋಡಿ, “ಬಿಸಿಯಾಗಿದೆಯಲ್ರೀ,” ಎಂದಳು.

ಆ ಮಧ್ಯಾಹ್ನವೇ ಅವಳಿಗೆ ನಡುಕ ಹತ್ತಿತು. ಹೊರಗೆ ಬೆಂಕಿಯಂಥ ಬಿಸಿಲು. ನಾಲ್ಕು ಕಂಬಳಿ ಹೊದ್ದರೂ ಮಂಚದ ಕಾಲು ಕಟಕಟ ಅನ್ನುತ್ತಿದ್ದವು. ಕೂಡ್ಲಿಗಿಗೆ ಕರೆದೊಯ್ದು ರಕ್ತ ನೋಡಿಸಿದರೆ ಏನೂ ಇಲ್ಲ. ಮೂರನೆಯ ದಿನ ಕಾಯಿ ಉದುರಿತು. ನಡುಕ ನಿಂತಿತು.

ಮರುವಾರ ಇನ್ನೊಂದು ಗಿಡದಲ್ಲಿ ಕಾಯಿ. ಗೀತಮ್ಮನಿಗೆ ಕೆಮ್ಮು. ಅದು ಹೆಂಗಸಿನ ಕೆಮ್ಮಲ್ಲ. ಬೀಡಿ ಸೇದಿ ಎದೆ ಹರಿದ ಗಂಡಸಿನ ಗೊಗ್ಗರು ಕೆಮ್ಮು. ಕೆಮ್ಮಿನ ಕೊನೆಗೊಂದು ‘ಹ್ಞಾ’ ಎಂಬ ಎಳೆತ. ದಾರಿಯಲ್ಲಿ ಹೋಗುತ್ತಿದ್ದ ಪಕ್ಕೀರಮ್ಮ ಬೇಲಿಯ ಹೊರಗೆ ಗಕ್ಕನೆ ನಿಂತಳು.

“ಕೊಟ್ರಬಸಪ್ಪ ಯಾವಾಗ ಬಂದ?”

“ಯಾವ ಕೊಟ್ರಬಸಪ್ಪ ಅಜ್ಜಿ? ಕೆಮ್ತಿರೋದು ನನ್ನ ಹೆಂಡ್ತಿ.”

ಮುದುಕಿ ಬೇಲಿಯ ಗೂಟ ಹಿಡಿದುಕೊಂಡಳು. “ಆ ಕೆಮ್ಮು ನನಗ ಗೊತ್ತಿಲ್ಲೇನು? ಕೊಟ್ರಬಸಪ್ಪ ಸತ್ತು ಇಪ್ಪತ್ತೆರಡು ವರ್ಷ ಆತು. ಆ ಗಡಿಗಿ ಹೊತ್ತಾಕಿ ನಾನೇ.”

ಅಂದಿನಿಂದ ಕುರಿಗೊಬ್ಬರ ತರುವ ಗಾದೆಪ್ಪನೂ ಅಂಗಳಕ್ಕೆ ಬರುವುದನ್ನು ಬಿಟ್ಟ. ಚೀಲ ದೂರದಲ್ಲೇ ಇಳಿಸಿ, “ತಪ್ಪು ತಿಳ್ಕಾಬ್ಯಾಡ್ರಿ ಡ್ರೈವರಣ್ಣ, ನಿಮ್ಮ ಬೇಲಿ ಕಡಿ ಕುರಿನೇ ಬರವಲ್ವು. ಕುರಿಗಿರೋ ಬುದ್ಧಿ ನಮಗ ಬ್ಯಾಡೇನ್ರಿ?” ಎಂದು ಹಲ್ಲು ಕಿರಿದು ಹೋದ.

ಶಿವಶಂಕರ ಹಟಮಾರಿ. ಧೂಳಿಗೆ ಕೆಮ್ಮು, ಹವಾಮಾನಕ್ಕೆ ನಡುಕ ಅಂದುಕೊಂಡ. ಆದರೆ ಮೂರನೆಯ ಗಿಡ ಕಾಯಿ ಬಿಟ್ಟ ದಿನ, ಐವತ್ತಾರು ತುಂಬಿದ ಗೀತಮ್ಮ ಹೊಟ್ಟೆ ಹಿಡಿದು ಹೆರಿಗೆ ನೋವು ತಿನ್ನತೊಡಗಿದಳು. ಬಾಗಿಲ ಚೌಕಟ್ಟಿಗೆ ಕೈಕೊಟ್ಟು, ಬೆನ್ನು ಬಾಗಿಸಿ, ಹಲ್ಲುಕಚ್ಚಿ. ಬಾಯಲ್ಲಿ ಬರುತ್ತಿದ್ದುದು ತುಮಕೂರಿನ ಮಾತಲ್ಲ. “ಯವ್ವಾ, ಹೊರಳವಲ್ದು... ಕೂಸು ಹೊರಳವಲ್ದು...”

ಅವನು ಬರಿಗಾಲಲ್ಲಿ ಪಕ್ಕೀರಮ್ಮನ ಗುಡಿಸಲಿಗೆ ಓಡಿದ.

“ಅದು ಹೊನ್ನೂರಮ್ಮನ ನೋವು,” ಮುದುಕಿ ಕೇಳಿದ ಕೂಡಲೇ ಅಂದಳು. “ಮೂರು ದಿನ ಇರತೈತಿ. ಬಿಡತೈತಿ. ಜಡ್ಡು ಎಲ್ಲಾ ಬಿಡತಾವು. ಬಾಯಿ ಕಟ್ಟಿದ ಗಡಿಗಿ ಒಂದಿತ್ತು. ಅದನ್ನೂ ಒಡದ್ಯಾ?”

ಶಿವಶಂಕರ ತಲೆ ತಗ್ಗಿಸಿದ.

“ಅದು ಜಡ್ಡಲ್ಲಪ್ಪಾ, ಮಾಟ. ಅಣ್ಣತಮ್ಮರ ಹೊಲದ ಜಗಳಕ್ಕ ಮಾಡಿಸಿದ್ದು. ಒಂದೇ ಮನ್ಯಾಗ ಮೂರು ಮಂದಿ ಉಣ್ಣಾಕ ಕುಂತಲ್ಲೇ ಉಸಿರು ಕಟ್ಟಿ ಹೋದರು. ಕೈಯಾಗಿನ ತುತ್ತು ಕೈಯಾಗ. ಅದರ ಬೋಕಿ ಯಾವ ಗಿಡದಾಗೈತಿ?”

“ಗೊತ್ತಿಲ್ಲ ಅಜ್ಜಿ.”

“ಹಂಗಾರ ಎಲ್ಲಾ ಕೀಳು. ಒಂದು ಚೂರು ಉಳೀದಂಗ ತಂದು ಅದೇ ಕುಣ್ಯಾಗ ಹಾಕು. ಆ ಗಿಡ ಕಾಯಿ ಬಿಡೋದ್ರೊಳಗ.”

ಬೇಸಿಗೆ ಏರುವಾಗ ಅಂಜೂರದ ಬೇರು ಬಯಲು ಮಾಡುವುದೆಂದರೆ ಕೈಯಾರೆ ಕೊಂದ ಹಾಗೆ. ಆದರೂ ಕಿತ್ತ. ಎರಡು ದಿನ, ಹಾರೆ ಹಿಡಿದು, ಒಬ್ಬನೇ. ಸಿಮೆಂಟಿನ ಕುಂಡ, ಬಣ್ಣದ ಬಕೆಟ್ಟು, ಮಣ್ಣಿನ ಕುಂಡ, ಎಲ್ಲವನ್ನೂ ಒಡೆದು ಬುಡ ಮೇಲು ಮಾಡಿದ. ಒಂದೊಂದು ಬೋಕಿಯನ್ನೂ ಬೇರು ಬೆರಳುಗಳ ಹಾಗೆ ಬಿಗಿಯಾಗಿ ಹಿಡಿದಿದ್ದವು. ಎಳೆದರೆ ಬಿಡುತ್ತಿರಲಿಲ್ಲ, ಕೊಯ್ದರೆ ಬಿಳಿಹಾಲು ಒಸರಿ ಕೈ ಉರಿಯುತ್ತಿತ್ತು. ಸಂಜೆ ಹೊತ್ತಿಗೆ ಅಂಗಳದ ತುಂಬ ಗಿಡಗಳು ಹೆಣ ಚೆಲ್ಲಿದ ಹಾಗೆ ಬಿದ್ದಿದ್ದವು. ಹಸಿರುಪರದೆಯ ಕೆಳಗೆ ಹಸಿಹಾಲಿನ ಹಳಸು ನಾತ.

ಕೊನೆಗೆ ಒಂದೇ ಉಳಿಯಿತು. ಬಳ್ಳಾರಿಯ ಸಂತೆಯಲ್ಲಿ ಒಬ್ಬ ಮುದುಕ ಸುಮ್ಮನೆ ಕೊಟ್ಟ ಕಡ್ಡಿ. ಅವನು ಬೆಳೆಸಿದ ಮೊಟ್ಟಮೊದಲ ಗಿಡ. ಕಾಂಡ ಅವನ ಮೊಣಕೈಯಷ್ಟು ದಪ್ಪ. ಮಿಕ್ಕೆಲ್ಲವೂ ಇದರ ಆಮೇಲೆ ಬಂದವು. ಹಾರೆ ಎತ್ತಿದ, ಇಳಿಸಿದ. ಇದಕ್ಕೆ ಬೋಕಿ ಹಾಕಿರಲಿಲ್ಲ, ಮನೆಯ ಒಡೆದ ಹೆಂಚು ಹಾಕಿದ್ದೆ ಅನಿಸಿತು. ಹಾಕಿದ್ದನೋ ಇಲ್ಲವೋ. ಹೆಂಚೇ ಹಾಕಿರಲಿ ಅಂತ ಮನಸ್ಸು ಬಯಸಿತು. ಬಯಸಿದ್ದನ್ನೇ ನೆನಪು ಅಂದುಕೊಂಡ. ಕುಂಡವನ್ನು ಉರುಳಿಸಿಕೊಂಡು ಹೋಗಿ ಬಚ್ಚಲಮನೆ ಹಿಂದೆ ನಿಲ್ಲಿಸಿ, ತೆಂಗಿನ ಗರಿ ಮುಚ್ಚಿದ.

ಗೋಣಿಮರದ ಬುಡದಲ್ಲಿ ಚೀಲ ಬರಿದು ಮಾಡಿದಾಗ ಪಕ್ಕೀರಮ್ಮ ಕೇಳಿದಳು. “ಎಲ್ಲಾ ಬಂದುವಾ?”

“ಎಲ್ಲಾ ಬಂದ್ವು ಅಜ್ಜಿ.”

“ಖರೇನಾ?”

“ಹೂಂ.”

ಗೀತಮ್ಮ ಎದ್ದಳು. ನೋವಿಲ್ಲ, ಕೆಮ್ಮಿಲ್ಲ. ಬರಿದಾದ ಅಂಗಳ ನೋಡಿ ಅವನ ಬೆನ್ನ ಮೇಲೆ ಕೈಯಿಟ್ಟು, “ನನಗೋಸ್ಕರ ಎಲ್ಲಾ ಕಿತ್ರಾ?” ಎಂದು ಅತ್ತಳು. ಅವನು ಬಚ್ಚಲ ಕಡೆ ನೋಡದೆ ಪೊರಕೆ ಹಿಡಿದು ಅಂಗಳ ಗುಡಿಸತೊಡಗಿದ. ಉಗಾದಿಗೆ ಬೇವುಬೆಲ್ಲ ಹಂಚಿದರು. ಗಾದೆಪ್ಪನ ಕುರಿಗಳು ಬೇಲಿಯ ಬದಿಯಲ್ಲಿ ಮತ್ತೆ ಮೇಯತೊಡಗಿದವು.

ಹಬ್ಬ ಕಳೆದ ಮೊದಲ ಗುರುವಾರ. ಮಟಮಟ ಮಧ್ಯಾಹ್ನ. ಗೀತಮ್ಮ ಅನ್ನಕ್ಕೆ ಕರೆದಳು. “ಕೈ ತೊಳ್ಕೊಂಡು ಬಂದೆ,” ಎಂದು ಶಿವಶಂಕರ ಚೊಂಬು ಹಿಡಿದು ಬಚ್ಚಲ ಹಿಂದೆ ಹೋದ. ದಿನವೂ ಹೀಗೇ ಕದ್ದು ನೀರು ಹಾಕುತ್ತಿದ್ದ. ಗರಿ ಸರಿಸಿದ.

ಒಳಗೆ ಕತ್ತಲು. ಬಿಸಿಲಿನಲ್ಲೂ ಕತ್ತಲು. ಸುಟ್ಟ ಮೆಣಸಿನಕಾಯಿಯ ಘಾಟು. ಕೊಂಬೆಯಲ್ಲಿ ಕಾಯಿಲ್ಲ. ಎಲೆಯ ಸಂದಿಯಲ್ಲೂ ಇಲ್ಲ. ಕಾಂಡದ ಬುಡದಲ್ಲಿ, ಮಣ್ಣಿಗೆ ತಾಗಿ, ಒಂದು ಇತ್ತು. ಕಾಯಲ್ಲ. ಹಣ್ಣು. ಕಪ್ಪಗೆ, ತುಂಬಿ, ಬಿರಿದು. ಬಿರಿದ ಬಾಯಿ ತೆರೆಯಿತು. ಮುಚ್ಚಿತು. ತೆರೆಯಿತು. ಉಸಿರಾಡುತ್ತಿತ್ತು.

ಒಳಮನೆಯಲ್ಲಿ ತಟ್ಟೆ ಬಿತ್ತು.

ಓಡಿದ. ಗೀತಮ್ಮ ಗೋಡೆಗೆ ಒರಗಿದ್ದಳು. ಬಾಯಿ ತೆರೆದಿತ್ತು. ಗಾಳಿ ಒಳಗೆ ಹೋಗುತ್ತಿರಲಿಲ್ಲ. ಕಣ್ಣು ಅವನನ್ನೇ ನೋಡುತ್ತಿದ್ದವು. ತುಟಿ ನೀಲಿ. ಗಂಟಲಿನಲ್ಲಿ ದಾರದಷ್ಟು ಸದ್ದು. ಹಿಂದಕ್ಕೆ ಓಡಿದ. ಹಾರೆ. ಒಂದು ಏಟು. ಎರಡು. ಕುಂಡ ಹೋಳಾಯಿತು. ಬೇರಿನ ಗಂಟು. ಹಲ್ಲಿನಿಂದ ಕಚ್ಚಿದ. ಹಾಲು ಬಾಯಿಗೆ ಬಂತು, ನಾಲಿಗೆ ಸುಟ್ಟಿತು. ಗಂಟಿನೊಳಗೆ ಬೋಕಿ. ಬೋಕಿಗೆ ಅಂಟಿದ ಕಪ್ಪುಗೆಂಪು ಬಟ್ಟೆ. ಅದನ್ನು ಹಿಡಿದು ಬೀದಿಗೆ ಬಿದ್ದು, “ಅಜ್ಜೀ! ಅಜ್ಜೀ!” ಎಂದು ಒದರಿದ.

ಪಕ್ಕೀರಮ್ಮ ಬಂದಳು. ಗಾದೆಪ್ಪನೂ ಓಡಿಬಂದ. ಮುದುಕಿ ಗೀತಮ್ಮನನ್ನು ನೋಡಿದಳು, ಬೋಕಿಯನ್ನು ನೋಡಿದಳು. ಬೈಯಲಿಲ್ಲ.

“ಕುಣಿಗೆ ಹಾಕಿ ಬರ್ತೀನಿ,” ಶಿವಶಂಕರ ತೊದಲಿದ.

“ಇನ್ನ ಕುಣಿ ಇದನ್ನ ಹಿಡಿಯಂಗಿಲ್ಲ. ಹಣ್ಣಾಗಿಬಿಟ್ಟೈತಿ. ಇದನ್ನ ಹೊತ್ತು ಸೀಮಿ ದಾಟಬೇಕು. ದಾಟಿದವರು ತಿರುಗಿ ಊರಾಗ ಕಾಲಿಡಂಗಿಲ್ಲ. ಹೋದ ಸಲ ಹಿಂಗ ಊರೊಳಗ ನುಗ್ಗಿದಾಗ ನನ್ನ ಗಂಡ ಹೊತ್ತ. ಇದನ್ನ ಗಡಿ ಮರದ ಬುಡಕ ಗಡಿಗ್ಯಾಗ ಕಟ್ಟಿ ಹಾಕಿ, ತಾನು ಆಚಿಗಿಂದ ಆಚಿಗೇ ಹೋದ. ಮೂವತ್ತೊಂದು ವರ್ಷ ಆತು.”

“ನಾನು ಹೋಗ್ತೀನಿ. ತಪ್ಪು ನಂದು. ನಾನೇ ಸುಳ್ಳು ಹೇಳ್ದೆ.”

“ತಪ್ಪು ನಿಂದೇ, ಖರೆ. ಆದರ ಇದು ಕೇಳೋದು ಒಬ್ಬರ ಊರನ್ನ. ಹೋದ ವರ್ಷ ಬಂದವ ನೀನು. ಬಿಡಾಕ ನಿನಗ ಊರೆಲ್ಲೈತಿ, ತಮ್ಮಾ?”

ಮುದುಕಿ ಅವನ ಮುಷ್ಟಿ ಬಿಡಿಸಿ ಬೋಕಿ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

“ಗಾದೆಪ್ಪಾ, ಕೋಳಿ ಕೂಡಿ ಹಾಕೀನಿ. ಹೊತ್ತು ಮುಣುಗೋದ್ರೊಳಗ ಬಿಟ್ಟು ಕಾಳು ಹಾಕು. ಮನಿ ಕದ ತೆಗೆದೈತಿ, ಇರಲಿ.”

“ಯವ್ವಾ, ಈ ವಯಸ್ಸಿನಾಗ ಎಲ್ಲಿಗೆ ಹೊಕ್ಕಿಯವ್ವಾ?”

“ಉಚ್ಚಂಗಿದುರ್ಗದ ಕಡಿ ಹೋದ ಅಂತ ಆವಾಗ ಯಾರೋ ಅಂದಿದ್ರು. ಅತ್ತಾಗೇ ನಡೀತೀನಿ. ಇದ್ದಾನೋ ಸತ್ತಾನೋ.”

ಚಪ್ಪಲಿ ಕೂಡ ಮೆಟ್ಟಲಿಲ್ಲ. ತಾನು ಹುಟ್ಟಿದ ಓಣಿಯನ್ನು, ಸೊಸೆಯಾಗಿ ಹೊಕ್ಕ ಓಣಿಯನ್ನು, ಬಾವಿಕಟ್ಟೆಯನ್ನು ದಾಟಿ, ಒಂದು ಸಲವೂ ಹೊರಳಿ ನೋಡದೆ ನಡೆದಳು. ಮನೆಮನೆಯ ಬಾಗಿಲಲ್ಲಿ ಜನ ನಿಂತಿದ್ದರು. ಯಾರೂ ತಡೆಯಲಿಲ್ಲ. ಗಾದೆಪ್ಪ ಮಾತ್ರ ಗಡಿಯವರೆಗೆ ಹಿಂದೆ ಹೋದ.

ಶಿವಶಂಕರ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದಾರದಂಥ ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ನಿಂತೇಹೋಯಿತು. ಅವನು ಕಣ್ಣು ಮುಚ್ಚಿಕೊಂಡ. ಆಗ ಕಮ್ಮಾರನ ತಿದಿ ಒತ್ತಿದ ಹಾಗೆ ಗೀತಮ್ಮನ ಎದೆಯೊಳಕ್ಕೆ ಗಾಳಿ ನುಗ್ಗಿತು. ಮತ್ತೊಮ್ಮೆ. ಮಗದೊಮ್ಮೆ. ಅವಳು ಕೆಮ್ಮಿದಳು, ತನ್ನದೇ ಕೆಮ್ಮು.

ಬಾಗಿಲಲ್ಲಿ ಗಾದೆಪ್ಪ ಬಂದು ನಿಂತ. ಹೆಗಲ ಟವೆಲು ಬಾಯಿಗೆ ಒತ್ತಿಕೊಂಡಿದ್ದ.

“ಗೋಣಿಮರ ದಾಟಿದಳು,” ಎಂದ.

ಪಕ್ಕೀರಮ್ಮ ಬೋರನಹಟ್ಟಿ ಬಿಟ್ಟುಹೋದದ್ದು ಹೀಗೆ, ಉಗಾದಿ ಕಳೆದ ಮೊದಲ ಗುರುವಾರ.