ನಾಲ್ಕು ಗಂಟೆಯ ಶಾರ್ಟ್‌ವೇವ್

ಕತ್ತಿನ ಹಿಂದೆ ತಣ್ಣಗೆ ಏನೋ ತಾಗಿತು.

ತಿರುಗಿ ನೋಡಲಿಲ್ಲ. ಬೋಳ ಅನ್ನೋ ಆ ರೌಡಿಯ ಕೈಲಿದ್ದ ಪಿಸ್ತೂಲನ್ನ ಆಗಲೇ ನೋಡಿದ್ದೆ.

"ಕೈ ನಡುಗಿಸ್ಬೇಡ," ಅಂದ ಬೋಳ.

"ಅದನ್ನ ಕತ್ತಿಂದ ತೆಗೆದರೆ ನಡುಗಲ್ಲ."

ತೆಗೆಯಲಿಲ್ಲ.

ನನ್ನ ಕೆಲಸ ರೇಡಿಯೋ ರಿಪೇರಿ. ಮೂವತ್ತು ವರ್ಷ ಆಯ್ತು. ಮೂರು ಸಲ ಕರೆಂಟು ಹೊಡೆಸಿಕೊಂಡಿದ್ದೀನಿ. ಅಂಗಡಿಗೆ ಬೆಂಕಿ ಬಿದ್ದಾಗ ಒಳಗಿದ್ದೆ. ಪುಕ್ಕಲ ಅಂತ ಯಾರೂ ಅಂದಿಲ್ಲ. ಆದರೆ ಆವತ್ತು ಮಧ್ಯಾಹ್ನ ಮೂರೂಕಾಲಿಗೆ, ಬೋಳನ ಧಣಿ, ಒಬ್ಬ ಬಿಲ್ಡಿಂಗ್ ಕಂಟ್ರಾಕ್ಟರನ ಊಟದ ಮೇಜಿನ ಮುಂದೆ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಅಂಗಡಿಯಿಂದ ನನ್ನನ್ನ, ನನ್ನ ಟೂಲ್‌ಬಾಕ್ಸನ್ನ ಒಟ್ಟಿಗೆ ಕಾರಿಗೆ ತುರುಕಿಕೊಂಡು ಬಂದಿದ್ದರು.

ಮೇಜಿನ ಮೇಲೆ ಟ್ರಾನ್ಸಿಸ್ಟರ್. ಕಂಟ್ರಾಕ್ಟರನ ಅಪ್ಪನ ಕಾಲದ್ದು. ಚರ್ಮದ ಕವರು, ಇಟ್ಟಿಗೆಯಷ್ಟು ಭಾರ.

"ಮೀಡಿಯಂ ವೇವ್ ಬರುತ್ತೆ. ಶಾರ್ಟ್‌ವೇವ್ ಸತ್ತಿದೆ," ಅಂದ ಕಂಟ್ರಾಕ್ಟರ್. "ನಿನ್ನೆ ತನಕ ಚೆನ್ನಾಗಿತ್ತು. ನಾಲ್ಕಕ್ಕೆ ನನಗೆ ಈ ಜಾಗ ಕೇಳಿಸ್ಬೇಕು."

ಬೆರಳಿಟ್ಟು ತೋರಿಸಿದ. ಡಯಲಿನ ಬಲತುದಿಯಲ್ಲಿ ಕೆಂಪು ಪೆನ್ಸಿಲಿನ ಗೆರೆ.

"ಆಗದಿದ್ರೆ?"

"ಅದನ್ನ ಬೋಳ ಹೇಳ್ತಾನೆ."

ಬೋಳ ಪಿಸ್ತೂಲನ್ನ ಕತ್ತಿಗೆ ಇನ್ನಷ್ಟು ಒತ್ತಿದ.

ಹಿಂದಿನ ಮುಚ್ಚಳ ಬಿಚ್ಚಿದೆ. ಮೀಡಿಯಂ ವೇವ್ ಬರ್ತಿದೆ ಅಂದ್ರೆ ಬ್ಯಾಟರಿ, ಸ್ಪೀಕರ್ ಎಲ್ಲ ಸರಿ. ತೊಂದರೆ ಬ್ಯಾಂಡ್ ಬದಲಿಸೋ ಸ್ವಿಚ್ಚಲ್ಲಿರಬೇಕು, ಇಲ್ಲ ಶಾರ್ಟ್‌ವೇವ್ ಕಾಯಿಲಲ್ಲಿ. ಹಳೇ ಸೆಟ್ಟಲ್ಲಿ ನೂರಕ್ಕೆ ತೊಂಬತ್ತು ಸ್ವಿಚ್ಚೇ... ಕಿಲುಬು ಹಿಡಿದಿರುತ್ತೆ. ಕ್ಲೀನರ್ ಹೊಡೆದು ಹಿಂದೆ ಮುಂದೆ ಇಪ್ಪತ್ತು ಸಲ ಎಳೆದಾಡಿದೆ.

ಉಸಿರಿಲ್ಲ.

ಭೂತಗನ್ನಡಿ ಹಿಡಿದು ಕಾಯಿಲಿನ ಬುಡ ನೋಡಿದೆ. ಕೂದಲೆಳೆಯಂಥ ತಾಮ್ರದ ತಂತಿ. ಎರಡು ತುಂಡು.

ಹಳೇದಾಗಿ ಕಿತ್ತುಹೋದ ತಂತಿಯ ತುದಿ ಹಸಿರುಗಟ್ಟಿರುತ್ತೆ. ಇದು ಫಳಫಳ ಹೊಳೀತಿತ್ತು. ಯಾರೋ ಕತ್ತರಿಸಿದ್ದರು. ಅದೂ ಈಗೀಗ.

ತಲೆ ಎತ್ತಿದೆ. ಅಡುಗೆಮನೆ ಬಾಗಿಲಲ್ಲಿ ಕಂಟ್ರಾಕ್ಟರನ ಹೆಂಡತಿ ನಿಂತಿದ್ದಳು. ನನ್ನ ಮುಖ ನೋಡ್ತಿರಲಿಲ್ಲ. ನನ್ನ ಚಿಮಟ ಎಲ್ಲಿ ನಿಂತಿದೆ ಅಂತ ನೋಡ್ತಿದ್ದಳು.

"ಸಿಕ್ತಾ?" ಅಂದ ಕಂಟ್ರಾಕ್ಟರ್.

ಯಾರೋ ಕಟ್ ಮಾಡಿದಾರೆ ಅಂದಿದ್ದರೆ ನಾನು ಮನೆಗೆ ಹೋಗ್ತಿದ್ದೆ. ಅವಳು ಎಲ್ಲಿಗೆ ಹೋಗ್ತಿದ್ದಳೋ...

"ಹಳೇ ಬೆಸುಗೆ ಬಿಟ್ಟಿದೆ," ಅಂದೆ. "ಸ್ವಲ್ಪ ನೀರು ಕೊಡಿ."

ಕಂಟ್ರಾಕ್ಟರ್ ಸಿಗರೇಟು ಹಿಡಿದು ಬಾಲ್ಕನಿಗೆ ಹೋದ. ಬೋಳ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ನಾನು ಮೀಡಿಯಂ ವೇವ್ ಹಾಕಿ ವಾಲ್ಯೂಮ್ ಏರಿಸಿದೆ. ಯಾರೋ ಹವಾಮಾನ ಓದ್ತಿದ್ದ.

ಅವಳು ಬಗ್ಗಿ ಲೋಟ ಇಟ್ಟಳು. ತುಟಿ ಅಲ್ಲಾಡಿದ್ದೂ ಕಾಣಲಿಲ್ಲ.

"ಆ ಗೆರೇಲಿ ಮಾತಾಡೋದು ಇವರ ಆಳು. ಫೋನನ್ನ ಪೊಲೀಸರು ಕದ್ದು ಕೇಳ್ತಾರಲ್ಲ, ಅದಕ್ಕೆ. ಇವರು ಕಟ್ಟಿದ ಬಿಲ್ಡಿಂಗ್ ಕುಸಿದು ಹನ್ನೊಂದು ಜನ ಸತ್ರು. ಸಿಮೆಂಟು ಎಲ್ಲಿಗೆ ಹೋಯ್ತು ಅಂತ ಕಂಡವನು ಇವರ ಡ್ರೈವರ್. ನಾಳೆ ಕೋರ್ಟಲ್ಲಿ ಹೇಳ್ತಾನೆ. ಅವನು ಎಲ್ಲಿ ಅಡಗಿದಾನೆ ಅಂತ ನಾಲ್ಕಕ್ಕೆ ಇವರಿಗೆ ಗೊತ್ತಾಗುತ್ತೆ. ಅವನು... ನನ್ನ ತಮ್ಮ."

"ಏನು ಗುಸುಗುಸು?" ಅಂದ ಬೋಳ.

"ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದೆ," ಅಂದಳು ಅವಳು. "ಕೈ ಇಷ್ಟು ನಡುಗುತ್ತಲ್ಲ."

ಗಡಿಯಾರದಲ್ಲಿ ಮೂರೂ ಮುಕ್ಕಾಲು.

ರಿಪೇರಿ ಮಾಡದಿದ್ರೆ ನಾನು ಹೋಗ್ತೀನಿ. ಮಾಡಿದ್ರೆ ಅವಳ ತಮ್ಮ ಹೋಗ್ತಾನೆ. ಬೆವರು ಕಣ್ಣಿಗಿಳೀತಿತ್ತು.

ತಂತಿ ಬೆಸೆದೆ. ಬ್ಯಾಂಡ್ ತಿರುಗಿಸಿದೆ. ಯಾವುದೋ ಪರದೇಶದ ಹಾಡು ತೇಲಿ ಬಂತು. ಕಂಟ್ರಾಕ್ಟರ್ ಓಡಿ ಬಂದು ಬೆನ್ನು ತಟ್ಟಿದ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ಸಾಕು, ಮುಚ್ಚು."

"ಒಂದು ನಿಮಿಷ," ಅಂದೆ.

ಕಾಯಿಲಿನ ಹೊಟ್ಟೆಯಲ್ಲಿ ತಿರುಪಿನಂಥ ಒಂದು ಕೋರ್ ಇರುತ್ತೆ. ಅದನ್ನ ಒಳಗೆ ತಿರುಗಿಸಿದರೆ ಸ್ಟೇಷನ್‌ಗಳೆಲ್ಲ ಡಯಲಿನ ಮೇಲೆ ಬಲಕ್ಕೆ ಜರುಗುತ್ತವೆ. ಬಲತುದಿಯಲ್ಲಿರೋದು ಡಯಲಿಂದಲೇ ಆಚೆ ಬೀಳುತ್ತೆ. ಪ್ಲಾಸ್ಟಿಕ್ ಕಡ್ಡಿ ತೂರಿಸಿದೆ.

"ಅದೇನು ತಿರುಗಿಸ್ತಿದ್ದೀಯ?" ಕಂಟ್ರಾಕ್ಟರನ ಉಸಿರು ಕಿವಿಗೆ ತಾಗಿತು.

"ಸಡಿಲ ಆಗಿದೆ. ಮಾತಿನ ಮಧ್ಯೆ ಜಾರಿಬಿಡುತ್ತೆ."

ಅವನು ನನ್ನ ಮುಖವನ್ನೇ ನೋಡಿದ. ನಾನು ಕಡ್ಡಿಯನ್ನೇ ನೋಡಿದೆ. ಒಂದು ಸುತ್ತು... ಇನ್ನೊಂದು ಅರ್ಧ. ಮುಚ್ಚಳ ಹಾಕಿದೆ.

ನಾಲ್ಕು ಹೊಡೀತು. ಮುಳ್ಳು ಕೆಂಪು ಗೆರೆ ಮೇಲೆ.

ಬರೀ ಸೊರ್ರ್...

ಎಡಕ್ಕೆ ತಿರುಗಿಸಿದ. ಹಾಡು. ಯಾರದೋ ಭಾಷಣ. ಮತ್ತೆ ಬಲಕ್ಕೆ. ಸೊರ್ರ್.

"ಬೇರೆಲ್ಲ ಬರ್ತಿದೆಯಲ್ಲ," ಅಂದೆ. "ಅವರು ಕಳಿಸ್ತಿಲ್ಲ ಅನಿಸುತ್ತೆ."

ನಾಲ್ಕೂ ಹತ್ತರ ತನಕ ಕಾದ. ಆಮೇಲೆ ಬೈದುಕೊಂಡು ಫೋನೆತ್ತಿದ.

"ಯಾಕೋ ಮಾತಾಡಲಿಲ್ಲ?"

ಆ ಕಡೆಯವನ ದನಿ ನನಗೂ ಕೇಳಿಸಿತು. "ಮೂರು ಸಲ ಹೇಳಿದ್ನಲ್ಲಣ್ಣ..."

ಪ್ಲಾಸ್ಟಿಕ್ ಕಡ್ಡಿಯನ್ನ ಮೆಲ್ಲಗೆ ಜೇಬಿಗೆ ಸೇರಿಸಿದೆ.

ಕಂಟ್ರಾಕ್ಟರ್ ನಿಧಾನಕ್ಕೆ ನನ್ನ ಕಡೆ ತಿರುಗಿ, ಫೋನಲ್ಲೇ ಅವನಿಗೆ ಅಂದ, "ಸರಿ. ಈಗ ಹೇಳು. ಬೇಗ." ಚೀಟಿಯ ಮೇಲೆ ವಿಳಾಸ ಗೀಚಿಕೊಂಡ. ಬೋಳನ ಪಿಸ್ತೂಲನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಇವನನ್ನ ಬಿಡ್ಬೇಡ. ಬಂದು ಮಾತಾಡ್ತೀನಿ."

ಕಾರು ಹೊರಟಿತು. ಬೋಳ ಉಳಿದ. ಅವನಿಗೆ ಪಿಸ್ತೂಲು ಬೇಕಿರಲಿಲ್ಲ, ಎರಡು ಕೈ ಸಾಕಿದ್ದವು.

ನಿಜ ಹೇಳ್ತೀನಿ. ನನ್ನ ಲೆಕ್ಕ ನಾಲ್ಕು ಗಂಟೆವರೆಗೆ ಮಾತ್ರ ಇತ್ತು. ಅವನು ಫೋನೆತ್ತುತ್ತಾನೆ ಅಂತ ಹೊಳೆದೇ ಇರಲಿಲ್ಲ. ಪೊಲೀಸರು ಆ ಮಾತು ಕೇಳಿಸಿಕೊಂಡ್ರೋ, ಆ ಹೊತ್ತಿಗೆ ಟೀ ಕುಡಿಯೋಕೆ ಎದ್ದಿದ್ರೋ, ಯಾರಿಗೆ ಗೊತ್ತು? ಅವಳು ನೆಲದ ಮೇಲೆ ಕೂತು ಸೆರಗನ್ನ ಬಾಯಿಗೆ ಒತ್ತಿಕೊಂಡಿದ್ದಳು. ಒಂದೂಕಾಲು ಗಂಟೆ ಹೀಗೇ.

ಐದೂವರೆಗೆ ಫೋನ್ ಬಂತು. ಬೋಳ ಎತ್ತಿದ. ಕೇಳಿದ. ಇಟ್ಟ. ನನ್ನನ್ನ ನೋಡಿದ, ಅವಳನ್ನ ನೋಡಿದ. ಚಪ್ಪಲಿ ಕೈಲಿ ಹಿಡಿದು ಹಿತ್ತಲ ಬಾಗಿಲಿಂದ ನಡೆದುಬಿಟ್ಟ.

ಮತ್ತೆ ಫೋನ್. ಈ ಸಲ ನಾನೆತ್ತಿದೆ.

"ಅಕ್ಕ ಇದಾಳಾ?" ಅಂತು ಒಂದು ಹರೆಯದ ದನಿ.

ಫೋನನ್ನ ಅವಳ ಕೈಗಿಟ್ಟು ಅಲ್ಲೇ ಗೋಡೆಗೆ ಒರಗಿ ಕೂತೆ. ಕಂಟ್ರಾಕ್ಟರ್ ಆ ವಿಳಾಸದ ಮನೆ ಬಾಗಿಲು ಒದ್ದು ಒಳಗೆ ಹೋದಾಗ ಅಲ್ಲಿದ್ದವರು ಫೋನ್ ಕದ್ದು ಕೇಳಿ ಮೊದಲೇ ಬಂದಿದ್ದ ಐದು ಜನ ಪೊಲೀಸರಂತೆ. ಅವಳು ಅಳ್ತಿದ್ದಳು. ನಾನೂ ಅತ್ತೆ, ಯಾರಿಗೂ ಹೇಳ್ಬೇಡಿ.

ಕಂಟ್ರಾಕ್ಟರ್ ಜೈಲೊಳಗಿಂದ ಹೇಳಿ ಕಳಿಸಿದಾನೆ... ಹೊರಗೆ ಬಂದ ದಿನವೇ ನನ್ನ ಅಂಗಡಿಗೆ ಬರ್ತಾನಂತೆ, ರೇಡಿಯೋ ತಗೊಂಡು.

ಬರಲಿ. ನನ್ನ ರಿಪೇರಿಗೆ ಗ್ಯಾರಂಟಿ ಆರು ತಿಂಗಳು. ಅವನಿಗೆ ಬಿದ್ದಿರೋದು ಒಂಬತ್ತು ವರ್ಷ.